ಸಂಡೂರಿನ ಲಂಬಾಣಿ ಕಸೂತಿ: ಕೊರೋನೋತ್ತರ ಕಲಾಮಾರುಕಟ್ಟೆಯಲ್ಲಿ ಊರಿನ ಹೆಸರು, ಕೈಯ ಹೆಸರು

2023ರ ಜುಲೈ 10ರಂದು ಹಂಪಿಯ ಎದುರು ಬಸವಣ್ಣನ ಆವರಣದಲ್ಲಿ ಒಂದು ವಸ್ತ್ರಪ್ರದರ್ಶನ ಏರ್ಪಟ್ಟಿತ್ತು. ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಪಡೆಯ ಮೂರನೆಯ ಸಭೆಗೆಂದು ಬಂದ ದೇಶವಿದೇಶಗಳ ಪ್ರತಿನಿಧಿಗಳ ಎದುರಿಗೆ, ಸಂಡೂರು ಕುಶಲ ಕಲಾ ಕೇಂದ್ರದೊಡನೆ ಕೆಲಸ ಮಾಡುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳನ್ನು ಹರಡಿಡಲಾಗಿತ್ತು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಅದು ಗಿನ್ನಿಸ್ ದಾಖಲೆಗೆ ಸೇರಿತು. ಪ್ರದರ್ಶನವನ್ನು ಉದ್ಘಾಟಿಸಿದವರು ಆಗಿನ ಕೇಂದ್ರ ಕಲ್ಲಿದ್ದಲು ಮತ್ತು ಗಣಿ ಸಚಿವ ಪ್ರಹ್ಲಾದ ಜೋಶಿಯವರು. ಸಂಡೂರು ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಗಣಿಯೇ ಆದ್ದರಿಂದ, ಗಣಿ ಸಚಿವರ ಕೈಯಿಂದ ಸೂಜಿಯ ಕೆಲಸಕ್ಕೆ ಚಾಲನೆ ದೊರೆತದ್ದು ಆಕಸ್ಮಿಕವೇ ಆಗಿದ್ದರೂ ಸ್ವಾರಸ್ಯಕರವಾಗಿದೆ.

ಮರುದಿನದ ಪತ್ರಿಕೆಗಳಲ್ಲಿ ಎರಡು ಸಂಖ್ಯೆಗಳು ಎದ್ದು ಕಂಡವು: ವಸ್ತುಗಳು 1,755, ಮಹಿಳೆಯರು 450. ಮಹಿಳೆಯರು ಯಾರು, ಯಾವ ತಾಂಡಾದವರು, ಯಾವ ವಸ್ತುವನ್ನು ಯಾರು ಹೊಲಿದರು ಎಂಬುದು ಸುದ್ದಿಯ ಭಾಗವಾಗಲಿಲ್ಲ. ಇದು ಪತ್ರಿಕೆಗಳ ದೋಷವೆಂದು ಹೇಳಿ ಮುಗಿಸುವಂತಿಲ್ಲ. ಕಲೆಯ ಮಾರುಕಟ್ಟೆಯು ಹೆಸರಿನ ಮೇಲೆ ನಿಂತಿದೆ, ಕರಕುಶಲ ವಸ್ತುವಿನ ಮಾರುಕಟ್ಟೆಯು ಊರಿನ ಮೇಲೆ ನಿಂತಿದೆ. ಕೊರೋನದ ತರುವಾಯ ಈ ಎರಡೂ ಮಾರುಕಟ್ಟೆಗಳು ಹಿಂದೆಂದೂ ಇಲ್ಲದಷ್ಟು ವೇಗವಾಗಿ ಜಗತ್ತಿನಾದ್ಯಂತ ಹರಡಿಕೊಂಡಿವೆ. ಆದರೆ ಅವುಗಳ ನಡುವಣ ಗೋಡೆ ಎಲ್ಲಿತ್ತೋ ಅಲ್ಲಿಯೇ ಇದೆ. ಸಂಡೂರಿನ ಬಟ್ಟೆ ಈ ಗೋಡೆಯ ಬುಡದಲ್ಲಿ ನಿಂತಿರುವುದರಿಂದ ಅದರ ಚರಿತ್ರೆಯನ್ನು ತುಸು ವಿವರವಾಗಿ ನೋಡುವುದು ಉಚಿತ.

ಹಂಪಿಯ ಪರಿಸರಕ್ಕೆ ಜಾಗತಿಕ ಮಾರುಕಟ್ಟೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಲ್ಲಿಯ ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಯಲಿನಲ್ಲಿಯೇ ಇಟ್ಟು ಮಾರುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಸುಮಾರು 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇನ್ನೊಂದು ದೃಶ್ಯವನ್ನು ದಾಖಲಿಸುತ್ತಾನೆ. ಹೇರೆತ್ತುಗಳು ಲೆಕ್ಕವಿಲ್ಲದಷ್ಟು ಬೀದಿಗಳಲ್ಲಿ ತುಂಬಿಕೊಂಡು, ಅವು ದಾಟಿಹೋಗುವವರೆಗೆ ಜನ ನಿಂತು ಕಾಯಬೇಕಾಗುತ್ತಿತ್ತು ಎಂಬುದು ಅವನ ವರ್ಣನೆಯ ಸಾರ. ರತ್ನವನ್ನು ಕೊಂಡವರ ಹೆಸರುಗಳೂ ಅರಸರ ಹೆಸರುಗಳೂ ಚರಿತ್ರೆಗೆ ದಕ್ಕಿವೆ. ಆ ಎತ್ತುಗಳ ಹಿಂದೆ ನಡೆದು ಬಂದವರು ಯಾರೆಂಬುದನ್ನು ಪಯಸ್ ಹೇಳುವುದಿಲ್ಲ. ಅವರೆಲ್ಲ ಲಂಬಾಣಿಗರೇ ಎಂದು ಸಾಧಿಸಲು ಹೊರಡುವುದು ದುಡುಕಾದೀತು. ಆದರೆ ಮುಂದಿನ ಎರಡು ಮೂರು ಶತಮಾನಗಳಲ್ಲಿ ದಖ್ಖಣದ ಹೇರೆತ್ತುಗಳ ಸಾಗಾಟವೆಂದರೆ ಬಂಜಾರರ ಕಸುಬೇ ಎಂಬಷ್ಟು ಅವರ ಹಿಡಿತ ಬಲವಾಯಿತೆಂಬುದರಲ್ಲಿ ಅನುಮಾನವಿಲ್ಲ.

ಸಮುದಾಯದ ಹೆಸರುಗಳೇ ಈ ಕಸುಬನ್ನು ಸೂಚಿಸುತ್ತವೆ. 'ಬಂಜಾರ' ಎಂಬುದನ್ನು ವಾಣಿಜ್ಯಕ್ಕೂ 'ಲಂಬಾಣಿ' ಎಂಬುದನ್ನು ಲವಣಕ್ಕೂ ವಿದ್ವಾಂಸರು ಸಂಬಂಧಿಸಿದ್ದಾರೆ. ಹದಿನೇಳನೆಯ ಶತಮಾನದ ಫ್ರೆಂಚ್ ವ್ಯಾಪಾರಿ ಟ್ಯಾವರ್ನಿಯರ್ ಇವರನ್ನು ಹೋಲುವ ನಾಲ್ಕು ಸಾಗಾಟದ ಬುಡಕಟ್ಟುಗಳ ಬಗೆಗೆ ಬರೆಯುತ್ತ, ಒಂದು ಬುಡಕಟ್ಟು ಕಾಳನ್ನು, ಒಂದು ಅಕ್ಕಿಯನ್ನು, ಒಂದು ಬೇಳೆಯನ್ನು, ಒಂದು ಉಪ್ಪನ್ನು ಮಾತ್ರ ಹೊರುತ್ತದೆ ಎನ್ನುತ್ತಾನೆ. ಮೊಘಲ್ ದಂಡುಗಳು ದಖ್ಖಣಕ್ಕೆ ಇಳಿದಾಗಲೂ, ಮುಂದೆ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ನಡೆದಾಗಲೂ ದವಸ ಒದಗಿಸಿದವರು ಇವರೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂದು ಹೇರೆತ್ತಿನ ಕೆಲಸ ಕುಸಿಯಿತು. ಅಲೆಮಾರಿ ಗುಂಪುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ 1871ರ ಕಾಯಿದೆಯೂ ಅದರ ಮುಂದುವರಿಕೆಗಳೂ ಬಂಜಾರರ ಹಲವು ಪಂಗಡಗಳನ್ನು ತಮ್ಮ ಬಲೆಯೊಳಗೆ ಎಳೆದುಕೊಂಡವು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಹೀಗೆ ದಾರಿಯನ್ನು ಕಳೆದುಕೊಂಡ ವರ್ತಕರು ಊರುಗಳ ಹೊರವಲಯದ ತಾಂಡಾಗಳಲ್ಲಿ ನೆಲೆನಿಂತರು.

ದಾರಿಯ ಆ ಬದುಕಿನ ನೆನಪು ಉಳಿದಿರುವುದು ಬಟ್ಟೆಯಲ್ಲಿ. ಲಂಬಾಣಿ ಸ್ತ್ರೀಯರ ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಮುಸುಕು, ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬೆ, ಅಡಕೆ ಕಾಸು ಇಟ್ಟುಕೊಳ್ಳುವ ಚೀಲ, ಎಲ್ಲವೂ ಹೊತ್ತು ಸಾಗಿಸಬಲ್ಲ ಸಂಪತ್ತು. ಕೆಂಪು ಅಥವಾ ಕಡುನೀಲಿಯ ದಪ್ಪ ಬಟ್ಟೆಯ ಮೇಲೆ ಬಟ್ಟೆಯ ಚೂರುಗಳನ್ನು ಒಂದಕ್ಕೊಂದು ಸೇರಿಸಿ, ದಾರದ ಹೊಲಿಗೆಗಳಿಂದ ತುಂಬಿ, ಕನ್ನಡಿ, ಮಣಿ, ಕವಡೆ, ನಾಣ್ಯಗಳನ್ನು ಕೂರಿಸುವುದು ಇದರ ಕ್ರಮ. ಕವಡೆಯತ್ತ ತುಸು ಗಮನ ಹರಿಸಬೇಕು. ಭಾರತದಲ್ಲಿ ಚಲಾವಣೆಯಲ್ಲಿದ್ದ ಕವಡೆಯ ಬಹುಭಾಗ ಬರುತ್ತಿದ್ದುದು ಮಾಲ್ಡೀವ್ಸ್ ದ್ವೀಪಗಳಿಂದ. ಹಿಂದೂ ಮಹಾಸಾಗರದ ಉದ್ದಗಲಕ್ಕೂ ನಾಣ್ಯವಾಗಿ ನಡೆದ ಈ ಚಿಪ್ಪು, ಸಮುದ್ರವನ್ನೇ ಕಾಣದ ಸಂಡೂರಿನ ಬೆಟ್ಟಸಾಲಿನ ಹೆಣ್ಣುಮಗಳ ಚೀಲದ ಅಂಚಿಗೆ ಬಂದು ಕುಳಿತಿದೆ. ಜಾಗತೀಕರಣವನ್ನು 1991ರಿಂದ ಎಣಿಸುವ ಅಭ್ಯಾಸ ನಮ್ಮ ವಿದ್ಯಾವಂತರಲ್ಲಿದೆ. ಆ ಅಂಚನ್ನು ನೋಡಿದವರು ಹಾಗೆ ಎಣಿಸಲಾರರು.

ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರು ಇದನ್ನೂ 'ಕಸೂತಿ' ಎಂದೇ ಕರೆಯುತ್ತಾರಾದರೂ ಎರಡರ ವ್ಯಾಕರಣ ಬೇರೆ. ಅದು ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರ, ರಥ, ಪದ್ಮಗಳನ್ನು ಮೂಡಿಸುವಂಥದು. ಇದು ಚೂರುಗಳನ್ನು ಕೂಡಿಸಿ ಮೇಲೆ ಹೊಲಿಗೆ ಹರಿಸುವಂಥದು. ಕೀಳನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ರೇಲೋ, ಗದ್ರಿ, ಭುರಿಯಾ, ಜೋಲ್ಯಾ, ನಾಕ್ರಾ ಮೊದಲಾಗಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುವುದುಂಟು. ಲಿಪಿಯಿಲ್ಲದ ಗೋರಬೋಲಿಯಲ್ಲಿ ಈ ಹೆಸರುಗಳು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿ ಬಂದಿವೆ. 'ಸೂರ್ಯಕಾಂತಿ' ಎಂಬಂಥ ಪದ ಆ ಪಟ್ಟಿಯೊಳಗೆ ಸೇರಿಕೊಂಡಿರುವುದು ನೆರೆಹೊರೆಯ ನುಡಿಯೊಡನೆ ಆದ ಕೊಡುಕೊಳೆಯನ್ನು ತೋರಿಸುತ್ತದೆ. ಉತ್ತರ ಕರ್ನಾಟಕದ ಮನೆಮನೆಯ ಕೌದಿಯೂ ಹಳೆಯ ಬಟ್ಟೆಯ ಚೂರುಗಳದೇ ಕೆಲಸವಾದ್ದರಿಂದ, ಚೂರನ್ನು ಚೆಲ್ಲದಿರುವ ಈ ಬುದ್ಧಿ ಇಲ್ಲಿಯ ನೆಲಕ್ಕೆ ಅಪರಿಚಿತವಾಗಿರಲಿಲ್ಲ.

ಇಂಥ ಬಟ್ಟೆ ಹಿಂದೆ ಮಾರಾಟದ ಸರಕಾಗಿರಲಿಲ್ಲ. ತಾಯಿ ಮಗಳಿಗಾಗಿ, ಮಗಳು ತನ್ನ ಮದುವೆಗಾಗಿ ಹೊಲಿದುಕೊಳ್ಳುತ್ತಿದ್ದಳು. 1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ರೂಪುಗೊಂಡು, ಮಹಿಳೆಯರ ಈ ಕೌಶಲವನ್ನು ಚೀಲ, ದಿಂಬಿನ ಹೊದಿಕೆ, ಕುರ್ತಾ, ಗೋಡೆಯ ತೂಗುಬಟ್ಟೆಗಳ ರೂಪದಲ್ಲಿ ಹೊರಗಿನ ಗಿರಾಕಿಗೆ ಒಗ್ಗಿಸಿದ ಮೇಲೆ ಚಿತ್ರ ಬದಲಾಯಿತು. ಯುನೆಸ್ಕೊದ ಉತ್ಕೃಷ್ಟತೆಯ ಮುದ್ರೆಯೂ ಈ ಕೆಲಸಕ್ಕೆ ದೊರೆಯಿತು. 2010ರ ಸೆಪ್ಟೆಂಬರಿನಲ್ಲಿ 'ಸಂಡೂರು ಲಂಬಾಣಿ ಕಸೂತಿ' ಎಂಬ ಹೆಸರು ಭೌಗೋಳಿಕ ಸೂಚಕಗಳ ನೋಂದಣಿಯಲ್ಲಿ ಸೇರಿತು. ಆ ಕಾಲ ಯಾವುದೆಂಬುದನ್ನು ಮರೆಯಬಾರದು. ಅದು ಬಳ್ಳಾರಿಯ ಅದಿರು ಲಾರಿಗಳ ಕಾಲ. ಮರುವರ್ಷ, 2011ರ ಜುಲೈನಲ್ಲಿ, ಲೋಕಾಯುಕ್ತ ವರದಿ ಬಂದು, ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಯ ಕೂಲಿ ನಿಂತ ದಿನವೂ ಸೂಜಿ ನಿಲ್ಲಲಿಲ್ಲ.

ನೋಂದಣಿಯಾದ ಹೆಸರು ಸಂಡೂರಿನದಾದರೂ ಕೆಲಸ ಸಂಡೂರಿಗೆ ಸೀಮಿತವಲ್ಲ. ಸೀತಾರಾಮ ತಾಂಡಾ, ಕಮಲಾಪುರ, ಕಡ್ಡಿರಾಂಪುರ, ಮರಿಯಮ್ಮನಹಳ್ಳಿಗಳ ಮಹಿಳೆಯರೂ ಇದರಲ್ಲಿದ್ದಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಸಂಡೂರು ಬಳ್ಳಾರಿಯಲ್ಲಿಯೇ ಉಳಿಯಿತು, ಹೊಸಪೇಟೆಯ ಸುತ್ತಣ ಈ ಊರುಗಳು ಹೊಸ ಜಿಲ್ಲೆಗೆ ಹೋದವು. ಒಂದೇ ಕಸೂತಿ ಈಗ ಎರಡು ಜಿಲ್ಲೆಗಳ ಕಚೇರಿಗಳ ನಡುವೆ ಹಂಚಿಹೋಗಿದೆ.

ಇಷ್ಟರಲ್ಲಿ ಕೊರೋನ ಬಂದಿತು. 2020ರ ಮಾರ್ಚ್ 25ರಿಂದ ದೇಶ ಮುಚ್ಚಿತು. ದೊಡ್ಡ ಪಟ್ಟಣಗಳ ಕರಕುಶಲ ಮೇಳಗಳು ನಿಂತವು. ಕಸೂತಿಯಂಥ ಕೆಲಸಕ್ಕೆ ಮೇಳವೆಂದರೆ ವರ್ಷದ ಸುಗ್ಗಿ. ಗಿರಾಕಿ ಬಟ್ಟೆಯನ್ನು ಕೈಯಲ್ಲಿ ಹಿಡಿದು, ತಿರುವಿ ಹಿಂಬದಿ ನೋಡಿ ಕೊಳ್ಳುವ ವ್ಯಾಪಾರವದು. ಅದೇ ಆಗಸ್ಟಿನಲ್ಲಿ ಕೇಂದ್ರ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರದ್ದುಗೊಳಿಸಿತು. ಸ್ವಾತಂತ್ರ್ಯಾನಂತರದ ಆರಂಭದ ವರ್ಷಗಳಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು, ಮಂಗಳೂರಿನ ಮಗಳು, ಕಟ್ಟಿ ಬೆಳೆಸಿದ ಮಂಡಳಿ ಅದು. ಮಂಡಳಿ ಕೊನೆಗಾಲದಲ್ಲಿ ಸಲಹೆಗಷ್ಟೇ ಉಳಿದಿತ್ತೆಂಬ ವಾದವನ್ನು ಒಪ್ಪಿದರೂ, ಕುಶಲಕರ್ಮಿಗಳು ತಮ್ಮ ಮಾತನ್ನು ದೆಹಲಿಗೆ ಮುಟ್ಟಿಸಬಹುದಾಗಿದ್ದ ಒಂದು ಬಾಗಿಲನ್ನು ಆ ವರ್ಷವೇ ಮುಚ್ಚಬೇಕಾಗಿತ್ತೇ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಮೇಲಿನ ಮಾರುಕಟ್ಟೆಯ ಕಥೆ ಬೇರೆ. ಆರ್ಟ್ ಬಾಸೆಲ್ ಮತ್ತು ಯುಬಿಎಸ್ ಸಂಸ್ಥೆಗಳ ವಾರ್ಷಿಕ ವರದಿಯಂತೆ 2019ರಲ್ಲಿ ಸುಮಾರು 6,440 ಕೋಟಿ ಡಾಲರ್‌ಗಳಷ್ಟಿದ್ದ ಜಗತ್ತಿನ ಕಲಾವ್ಯಾಪಾರ 2020ರಲ್ಲಿ 5,010 ಕೋಟಿಗೆ ಇಳಿಯಿತು. ಆದರೆ ಅದೇ ವರ್ಷ ಅಂತರಜಾಲದ ಮೂಲಕ ನಡೆದ ಮಾರಾಟ 1,240 ಕೋಟಿ ಡಾಲರಿಗೆ ಏರಿ ಒಟ್ಟು ವ್ಯಾಪಾರದ ಕಾಲುಭಾಗವಾಯಿತು. ಹಾಂಗ್‌ಕಾಂಗ್‌ನ ಕಲಾಮೇಳ ರದ್ದಾದೊಡನೆ ಗ್ಯಾಲರಿಗಳು ಪರದೆಯ ಮೇಲಿನ ವೀಕ್ಷಣಾ ಕೊಠಡಿಗಳನ್ನು ತೆರೆದವು. ಹರಾಜುಕೋಣೆಗಳು ಮೂರು ಖಂಡಗಳ ಗಿರಾಕಿಗಳನ್ನು ಒಂದೇ ಹೊತ್ತಿಗೆ ಕೂಗಿಗೆ ಸೇರಿಸಿಕೊಂಡವು. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಕಲಾವಿದನ, ಕೈಯಲ್ಲಿ ಮುಟ್ಟಲಾಗದ ಕಂಪ್ಯೂಟರ್ ಕಡತವೊಂದು ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಮಾರಾಟವಾಯಿತು. ಒಟ್ಟು ವ್ಯಾಪಾರ ಆ ವರ್ಷವೇ 6,510 ಕೋಟಿಗೆ ಚೇತರಿಸಿಕೊಂಡಿತು. 2024ರಲ್ಲಿ ಮತ್ತೆ 5,750 ಕೋಟಿಗೆ ಕುಸಿಯಿತು. ಭಾರತೀಯ ಚಿತ್ರಗಳ ಬೆಲೆ ಮಾತ್ರ ಏರುತ್ತಲೇ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಅಮೃತಾ ಶೇರ್‌ಗಿಲ್‌ರ ಚಿತ್ರವೊಂದು 61.8 ಕೋಟಿ ರೂಪಾಯಿಗೆ, 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಎಂ. ಎಫ್. ಹುಸೇನರ 'ಗ್ರಾಮಯಾತ್ರಾ' ಸುಮಾರು 118 ಕೋಟಿ ರೂಪಾಯಿಗೆ ಹೋದವು. 1954ರ ಆ ಚಿತ್ರದಲ್ಲಿರುವುದು ಹಳ್ಳಿಯ ಬದುಕು: ಅಡಿಗೆ ಮಾಡುವ, ಮಕ್ಕಳನ್ನು ಸಾಕುವ ಹೆಂಗಸರು. ಚಿತ್ರದ ಕೆಳಗೆ ಹುಸೇನರ ಸಹಿ ಇರದಿದ್ದರೆ ಈ ಬೆಲೆಯ ಸಾವಿರದ ಒಂದು ಪಾಲೂ ಬರುತ್ತಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಕೈಕೆಲಸದವರ ಪಾಲಿಗೂ ಅಂತರಜಾಲ ಬಂದಿತು. ಆದರೆ ಅದು ಬಂದ ರೀತಿ ಬೇರೆ. ಚಿತ್ರಕಲಾವಿದನಿಗೆ ಗ್ಯಾಲರಿಯೇ ಛಾಯಾಚಿತ್ರ, ವಿವರಣೆ, ವಿಮೆ, ಸಾಗಣೆಗಳನ್ನು ನೋಡಿಕೊಳ್ಳುತ್ತದೆ. ತಾಂಡಾದ ಮಹಿಳೆ ನೇರವಾಗಿ ಮಾರಬೇಕಾದರೆ ಮೊಬೈಲ್‌ನಲ್ಲಿ ಬಣ್ಣಗೆಡದ ಚಿತ್ರ, ಇಂಗ್ಲಿಷಿನಲ್ಲಿ ಒಂದು ವಿವರ, ಜಿಎಸ್‌ಟಿ ನೋಂದಣಿ, ಅಂಚೆಯ ತೂಕ, ಹಿಂತಿರುಗಿಸಿದ ಸರಕಿನ ಖರ್ಚು, ಇವೆಲ್ಲವನ್ನೂ ತಾನೇ ನಿಭಾಯಿಸಬೇಕು. ಸಂಸ್ಥೆಯ ಆಸರೆಯಿಲ್ಲದೆ ಇದು ಆಗುವ ಮಾತಲ್ಲ. ಇತ್ತ 'ಬಂಜಾರ' ಎಂಬ ಪದ ಮಾತ್ರ ಅಂತರಜಾಲದ ಅಂಗಡಿಗಳಲ್ಲಿ ಒಂದು ಶೈಲಿಯ ಹೆಸರಾಗಿಬಿಟ್ಟಿದೆ. ಎಲ್ಲಿಯೋ ಯಂತ್ರದಲ್ಲಿ ಹೊಲಿದ ಚೀಲಕ್ಕೂ 'ಬಂಜಾರ', ಇನ್ನೂ ಸಡಿಲವಾಗಿ 'ಬೋಹೋ' ಎಂಬ ಚೀಟಿ. ಒಂದು ಕಾಲಕ್ಕೆ ಅಪರಾಧದ ಪಟ್ಟಿಯಲ್ಲಿದ್ದ ಹೆಸರು ಈಗ ಫ್ಯಾಷನ್ನಿನ ಪಟ್ಟಿಯಲ್ಲಿದೆ. ಎರಡೂ ಸಲ ಆ ಹೆಸರಿನವರನ್ನು ಯಾರೂ ಕೇಳಲಿಲ್ಲ.

ಬಟ್ಟೆಯ ಕೆಲಸ ಕಲೆಯಲ್ಲವೆಂಬ ಹಳೆಯ ತೀರ್ಪು ಈ ವರ್ಷಗಳಲ್ಲಿ ಜಗತ್ತಿನ ದೊಡ್ಡ ವೇದಿಕೆಗಳಲ್ಲಿಯೇ ಸಡಿಲಗೊಂಡಿದೆ. 2024ರ ವೆನಿಸ್ ಬಿನಾಲೆಯಲ್ಲಿ ಚಿಲಿ ದೇಶದ ಇಸ್ಲಾ ನೆಗ್ರಾದ ಕಸೂತಿ ಹೆಂಗಸರ ಕೆಲಸಕ್ಕೆ ಮುಖ್ಯ ಪ್ರದರ್ಶನದಲ್ಲಿಯೇ ಸ್ಥಾನ ಸಿಕ್ಕಿತು. ಸಂಡೂರಿಗೆ ಇನ್ನೂ ಹತ್ತಿರವಾದ ಹೋಲಿಕೆ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ನದಿದಂಡೆಯ ಹಳ್ಳಿಯದು. ಗುಲಾಮರ ವಂಶದ ಕಪ್ಪು ಮಹಿಳೆಯರು ಚಳಿಗೆ ಹೊದೆಯಲೆಂದು ಹರಿದ ಅಂಗಿ, ಪ್ಯಾಂಟುಗಳ ಚೂರುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹೂಸ್ಟನ್ನಿನ ಹಾಗೂ ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳ ಗೋಡೆಗೇರಿದವು. ಪ್ರತಿ ಕೌದಿಯ ಪಕ್ಕದಲ್ಲಿ ಹೊಲಿದವಳ ಹೆಸರಿತ್ತು. ಹೆಸರು ಬಂದ ಮೇಲೆ ಹಕ್ಕಿನ ಮಾತೂ ಬಂದಿತು: 2007ರಲ್ಲಿ ಕೆಲವರು ತಮ್ಮ ಕೆಲಸದ ಬಳಕೆಯ ಬಗೆಗೆ ನ್ಯಾಯಾಲಯಕ್ಕೆ ಹೋದರು. ಕೊರೋನ ಕಾಲದಲ್ಲಿ, 2021ರಲ್ಲಿ, ಆ ಹಳ್ಳಿಯ ಮಹಿಳೆಯರು ಎಟ್ಸಿ ತಾಣದಲ್ಲಿ ತಮ್ಮತಮ್ಮ ಹೆಸರಿನಲ್ಲಿಯೇ ಅಂಗಡಿಗಳನ್ನು ತೆರೆದರು. ಎಲ್ಲವೂ ಸರಿಹೋಯಿತೆಂದೇನೂ ಅಲ್ಲ; 2024ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿಯೊಂದು ಅವರಲ್ಲಿ ಕೆಲವರ ವಿನ್ಯಾಸಗಳನ್ನು ಯಂತ್ರದಲ್ಲಿ ತಯಾರಿಸಿ ಮಾರಿದಾಗ, ಹೊಲಿದವರಿಗೆ ಸಂದದ್ದೆಷ್ಟು ಎಂಬ ಪ್ರಶ್ನೆ ಮತ್ತೆ ಎದ್ದಿತು. ಆದರೂ ಪ್ರಶ್ನೆ ಕೇಳಲು ಅಲ್ಲಿ ಹೆಸರುಳ್ಳವರಿದ್ದರು.

ಭಾರತದಲ್ಲಿಯೂ ಇಂಥ ದಾಟುವಿಕೆ ನಡೆದಿದೆ. ಮಧುಬನಿಯ ಗಂಗಾದೇವಿ, ವರ್ಲಿಯ ಜೀವ್ಯಾ ಸೋಮ ಮಶೆ, ಗೊಂಡ ಸಮುದಾಯದ ಜನಗಢ ಸಿಂಗ್ ಶ್ಯಾಮ್ ಹೆಸರಿಲ್ಲದ ಜನಪದದಿಂದ ಹೆಸರುಳ್ಳ ಕಲೆಗೆ ದಾಟಿದರು. ಇವರೆಲ್ಲರಲ್ಲಿಯೂ ಒಂದು ಸಮಾನ ಅಂಶವಿದೆ: ಇವರ ಕೈಗೆ ಯಾರೋ ಕಾಗದವನ್ನೋ ಕ್ಯಾನ್‌ವಾಸನ್ನೋ ಕೊಟ್ಟರು. ಗೋಡೆಯ ಚಿತ್ರ ಚೌಕಟ್ಟಿಗೆ ಬಂದೊಡನೆ ಸಹಿಗೆ ಜಾಗ ಸಿಕ್ಕಿತು. ಚೀಲದಲ್ಲಿ ಸಹಿ ಎಲ್ಲಿ ಹಾಕುವುದು?

ಕಾನೂನು ಈ ಗೋಡೆಯನ್ನು ಇನ್ನಷ್ಟು ಎತ್ತರಿಸಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 53ಎ ಕಲಮು ಚಿತ್ರ, ಶಿಲ್ಪ, ರೇಖಾಚಿತ್ರ, ಮೂಲ ಹಸ್ತಪ್ರತಿಗಳು ಹತ್ತು ಸಾವಿರ ರೂಪಾಯಿಗೂ ಮಿಕ್ಕಿದ ಬೆಲೆಗೆ ಮರುಮಾರಾಟವಾದಾಗ ಕರ್ತೃವಿಗೆ ಶೇ. 10ನ್ನು ಮೀರದ ಒಂದು ಪಾಲು ಸಲ್ಲಬೇಕೆನ್ನುತ್ತದೆ. ಆಚರಣೆಯಲ್ಲಿ ಆ ಕಲಮು ನಿದ್ರಿಸುತ್ತಿದೆ ಎಂಬುದು ಬೇರೆ ಮಾತು. ಕಸೂತಿಯ ಬಟ್ಟೆಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಹಳೆಯ ಬಂಜಾರ ಬಟ್ಟೆಗಳನ್ನು ಪಶ್ಚಿಮದ ಸಂಗ್ರಾಹಕರು ಅರ್ಧ ಶತಮಾನದಿಂದ ಕೊಳ್ಳುತ್ತಿದ್ದಾರೆ, ಅವುಗಳ ಮೇಲೆ ಅಂದವಾದ ಗ್ರಂಥಗಳೂ ಬಂದಿವೆ. ಆ ಬಟ್ಟೆ ಎಷ್ಟು ಕೈ ಬದಲಾದರೂ ಹೊಲಿದವಳ ವಂಶಕ್ಕೆ ಅದರಿಂದ ಬರುವುದು ಏನೂ ಇಲ್ಲ. ಭೌಗೋಳಿಕ ಸೂಚಕವಾದರೋ ಹೆಸರನ್ನು ಕಾಯುತ್ತದೆಯೇ ಹೊರತು ಹೊಲಿಗೆಯನ್ನು ಕಾಯುವುದಿಲ್ಲ. 'ಸಂಡೂರು' ಎಂದು ಬರೆಯದೆ ಯಾರು ಬೇಕಾದರೂ ಮಾಕಿ ಹೊಲಿಗೆಯನ್ನು ಯಂತ್ರಕ್ಕೆ ಕಲಿಸಬಹುದು.

ಊರಿನ ಹೆಸರಿಗೆ ಬಲವೇ ಇಲ್ಲವೆನ್ನಲಾಗದು. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನವೊಂದರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಳನ್ನು ಮೂಲ ಹೇಳದೆ ತೋರಿಸಿದಾಗ ಗದ್ದಲವೆದ್ದಿತು. ಆ ಚಪ್ಪಲಿಯ ಸೂಚಕ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ಕರ್ನಾಟಕದ ಲಿಡ್ಕರ್ ನಿಗಮವೂ ಅದರ ಒಡೆತನದಲ್ಲಿದೆ. ಸಂಸ್ಥೆ ಮೂಲವನ್ನು ಒಪ್ಪಿಕೊಂಡು, ಅದೇ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ನಿಗಮಗಳೊಡನೆ ಒಪ್ಪಂದಕ್ಕೆ ಬಂದು, ಇಲ್ಲಿಯೇ 2,000 ಜೊತೆ ಚಪ್ಪಲಿ ಮಾಡಿಸುವುದಾಗಿ ಪ್ರಕಟಿಸಿತು. ಒಂದು ಜೊತೆಗೆ ಸುಮಾರು 800 ಯೂರೋ ಎಂದು ಸುದ್ದಿಯಾಯಿತು. ಊರು ಗೆದ್ದಿತು. ಚಪ್ಪಲಿಯ ಮೇಲೆ ಇರುವುದು ಮಾತ್ರ ಪ್ರಾಡಾ ಎಂಬ ಒಂದೇ ಮನೆತನದ ಹೆಸರು.

ಯಾವುದು ಕಲೆ, ಯಾವುದು ಸರಕು ಎಂಬ ಪ್ರಶ್ನೆಯನ್ನು ಸೌಂದರ್ಯಮೀಮಾಂಸಕರಿಗಿಂತ ಹೆಚ್ಚಾಗಿ ಸುಂಕದ ಕಟ್ಟೆಯವರು ತೀರ್ಮಾನಿಸಿದ್ದಾರೆ. 1926ರಲ್ಲಿ ಶಿಲ್ಪಿ ಬ್ರಾಂಕೂಸಿಯ ಕಂಚಿನ 'ಆಕಾಶದಲ್ಲಿ ಹಕ್ಕಿ' ನ್ಯೂಯಾರ್ಕಿಗೆ ಬಂದಾಗ, ಅದು ಹಕ್ಕಿಯಂತೆ ಕಾಣದ್ದರಿಂದ ಅಡುಗೆಮನೆಯ ಸಾಮಾನು ಮತ್ತು ಆಸ್ಪತ್ರೆಯ ಸಲಕರಣೆಗಳ ವರ್ಗಕ್ಕೆ ಸೇರಿಸಿ ಶೇ. 40 ಸುಂಕ ವಿಧಿಸಲಾಯಿತು. 1928ರಲ್ಲಿ ನ್ಯಾಯಾಲಯ ಅದು ಶಿಲ್ಪವೆಂದೇ ಒಪ್ಪಿ ಸುಂಕವನ್ನು ತೆಗೆಯಿತು. ಸುಮಾರು ನೂರು ವರ್ಷಗಳ ಅನಂತರ, 2025ರ ಆಗಸ್ಟ್ 27ರಿಂದ, ಅಮೆರಿಕವು ಭಾರತದ ಸರಕುಗಳ ಮೇಲೆ ಶೇ. 50ರವರೆಗೆ ಹೆಚ್ಚುವರಿ ಸುಂಕವನ್ನು ಜಾರಿಗೊಳಿಸಿತು. ಆ ಸುಂಕಕ್ಕೆ ಆಧಾರವಾಗಿದ್ದ ತುರ್ತು ಅಧಿಕಾರದ ಕಾಯಿದೆಯಲ್ಲಿ ಪುಸ್ತಕ, ಚಲನಚಿತ್ರಗಳಂತೆ ಕಲಾಕೃತಿಗಳಿಗೂ ವಿನಾಯಿತಿ ಇತ್ತು. ಚಿತ್ರಪಟ ಸುಂಕವಿಲ್ಲದೆ ದಾಟಿತು. ಕೈಯಲ್ಲಿ ಹೊಲಿದ ಚೀಲ, ದಿಂಬಿನ ಹೊದಿಕೆಗಳು ಸುಂಕ ತೆತ್ತವು. ಸಣ್ಣ ಪಾರ್ಸೆಲ್‌ಗಳಿಗಿದ್ದ ರಿಯಾಯಿತಿಯನ್ನೂ ಆ ತಿಂಗಳೇ ಅಮೆರಿಕ ತೆಗೆದುಹಾಕಿದ್ದರಿಂದ ಭಾರತೀಯ ಅಂಚೆ ಅಲ್ಲಿಗೆ ಕಳಿಸುವ ಸೇವೆಯನ್ನು ಕೆಲವು ವಾರ ನಿಲ್ಲಿಸಿತ್ತು. ಕೊರೋನದ ನಂತರ ಪರದೆಯ ಮೇಲೆ ತೆರೆದುಕೊಂಡ ಜಗತ್ತು ಒಂದು ಪೊಟ್ಟಣದ ಪಾಲಿಗೆ ಹೀಗೆ ಮುಚ್ಚಿಕೊಂಡಿತು.

ಹೆಸರಿಲ್ಲದಿರುವುದೇ ಭಾರತೀಯ ಕಲೆಯ ಲಕ್ಷಣ, ಅದು ವಿನಯದ ಗುರುತು ಎಂದು ವಾದಿಸುವವರಿದ್ದಾರೆ. ಕನ್ನಡ ನಾಡಿನ ಶಾಸನಗಳು ಈ ವಾದವನ್ನು ಒಪ್ಪುವುದಿಲ್ಲ. ಎಂಟನೆಯ ಶತಮಾನದಲ್ಲಿಯೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಕಲ್ಲಿನಲ್ಲಿ ಕೊರೆದಿದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಬಿರುದುಗಳೊಡನೆ ಹೆಸರು ಬರೆದುಕೊಂಡಿದ್ದಾರೆ. ಮಲ್ಲಿತಮ್ಮನು ನುಗ್ಗೇಹಳ್ಳಿಯಿಂದ ಸೋಮನಾಥಪುರದವರೆಗೆ ತನ್ನ ಗುರುತನ್ನು ಬಿಟ್ಟುಹೋಗಿದ್ದಾನೆ. ಇವರಲ್ಲಿ ಯಾರಿಗೂ ಹೆಸರಿನ ಬಗೆಗೆ ಸಂಕೋಚವಿರಲಿಲ್ಲ. ಆದರೆ ಗಂಡಸಿನ ಉಳಿಗೆ ದೊರೆತ ಈ ಅವಕಾಶ ಹೆಂಗಸಿನ ಸೂಜಿಗೆ ದೊರೆಯಲಿಲ್ಲ. ಲಿಪಿಕಾರನ ಕಂಠಕ್ಕೂ ಎಲ್ಲೆಡೆ ದೊರೆಯಲಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯ ಹೆಮ್ಮೆ. ಮಾಡಿಸಿದವಳ ಹೆಸರು ಉಳಿಯಿತು. ಆ ಸಾವಿರ ಪ್ರತಿಗಳಿಗಾಗಿ ಓಲೆಗರಿಯ ಮೇಲೆ ಬಾಗಿ ಕುಳಿತವರು ಎಷ್ಟು ಜನ, ಯಾರು ಎಂದು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ, ಯಾವ ಅಧ್ಯಾಪಕನೂ ಹೇಳಿದ್ದಿಲ್ಲ.

ಹೆಸರು ಹಾಕುವುದಕ್ಕೆ ನಿಜವಾದ ತೊಡಕುಗಳೂ ಇವೆ. ಕೇಂದ್ರಗಳ ಕೆಲಸದಲ್ಲಿ ಒಂದು ವಸ್ತು ಹಲವರ ಕೈ ದಾಟುತ್ತದೆ: ಬಟ್ಟೆ ಕತ್ತರಿಸುವವರು ಒಬ್ಬರು, ಕಸೂತಿ ತುಂಬುವವರು ಮತ್ತೊಬ್ಬರು, ಅಂಚು ಮಡಿಸಿ ಜಿಪ್ ಹೊಲಿಯುವವರು ಇನ್ನೊಬ್ಬರು. ಒಬ್ಬಳನ್ನು ಕಲಾವಿದೆಯೆಂದು ಎತ್ತಿ ನಿಲ್ಲಿಸಿದರೆ ಉಳಿದವರು ಕೂಲಿಯವರಾಗಿಬಿಡುವ ಅಪಾಯವಿದೆ. ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮಾತನಾಡುತ್ತ ಹೊಲಿಯುವ ಕ್ರಮಕ್ಕೆ ಪೈಪೋಟಿ ನುಗ್ಗಿದರೆ ಆಗುವ ನಷ್ಟವನ್ನು ಬೆಲೆಯಿಂದ ತುಂಬಲಾಗದು. ಜನಗಢ ಸಿಂಗ್ ಶ್ಯಾಮರು 2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಆತ್ಮಹತ್ಯೆ ಮಾಡಿಕೊಂಡರು. ಹೆಸರು ತಂದುಕೊಡುವ ಒಂಟಿತನವನ್ನು ಲೆಕ್ಕದಿಂದ ಬಿಡುವಂತಿಲ್ಲ.

ಆದರೂ ಸಂಡೂರಿನ ಮಟ್ಟಿಗೆ ಹೊಸ ಕಾಯಿದೆಯೊಂದನ್ನು ಕಾಯಬೇಕಾದ ಅಗತ್ಯವಿಲ್ಲ. 1999ರ ಭೌಗೋಳಿಕ ಸೂಚಕ ಕಾಯಿದೆಯಂತೆ ನೋಂದಣಿ ಪುಸ್ತಕಕ್ಕೆ ಎರಡು ಭಾಗಗಳಿವೆ. 'ಎ' ಭಾಗದಲ್ಲಿ ಸೂಚಕದ ಹೆಸರು, ಅಂದರೆ ಊರಿನ ಹೆಸರು. 'ಬಿ' ಭಾಗದಲ್ಲಿ ಅದನ್ನು ಬಳಸಲು ಅಧಿಕಾರವುಳ್ಳ ಉತ್ಪಾದಕರ ಹೆಸರುಗಳು. ತಾನು ಆ ವಸ್ತುವನ್ನು ಉತ್ಪಾದಿಸುವವಳೆಂದು ತೋರಿಸಬಲ್ಲ ಯಾವ ಮಹಿಳೆಯೂ ಅಲ್ಲಿ ತನ್ನ ಹೆಸರಿನಲ್ಲಿ ಅರ್ಜಿ ಹಾಕಬಹುದು. ಒಬ್ಬರು ಸೇರಿದರೆ ಇನ್ನೊಬ್ಬರು ಹೊರಗುಳಿಯಬೇಕೆಂಬ ನಿಯಮವೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. 450 ಹೆಸರು, ಹೆಸರಿನ ಮುಂದೆ ತಾಂಡಾ, ತಾಂಡಾದ ಮುಂದೆ ಆಕೆ ಬಲ್ಲ ಹೊಲಿಗೆಗಳು: ಎದುರು ಬಸವಣ್ಣನ ಬಳಿ ಅಂದು ಎಣಿಕೆಗೆ ಸಿಕ್ಕಿದವರನ್ನು ಬರೆದಿಡಲು ಇನ್ನೂರು ಪುಟದ ಒಂದು ನೋಟುಪುಸ್ತಕ ಧಾರಾಳವಾಗಿ ಸಾಲುತ್ತದೆ.